ದಾವಾಪತ್ರವನ್ನು ಕೊನೆಯ ಪುಟದಿಂದ ಓದಿ

ವಕೀಲರ ಗುಮಾಸ್ತ ತಂದಿಟ್ಟ ಕಡತದ ದಾರ ಬಿಚ್ಚಿದೊಡನೆ ನಾನು ತೆರೆಯುತ್ತಿದ್ದದ್ದು ಕೊನೆಯ ಪುಟವನ್ನು. ಬೆರಳಚ್ಚುಗಾರ್ತಿಯಾಗಿ ನ್ಯಾಯಾಲಯದ ಕಚೇರಿ ಸೇರಿ ಶಿರಸ್ತೇದಾರಳಾಗಿ, ಅಂದರೆ ಕಚೇರಿಯ ಮುಖ್ಯ ಗುಮಾಸ್ತೆಯಾಗಿ, ನಿವೃತ್ತಳಾಗುವಷ್ಟರಲ್ಲಿ ಮೂವತ್ತೊಂದು ವರ್ಷ ಕಳೆದಿತ್ತು. ಹೊಸ ದಾವೆ ಮೊದಲು ಬರುವುದು ಶಿರಸ್ತೇದಾರರ ಮೇಜಿಗೆ. ಅಣ್ಣ ಎಂಥವನು, ಅತ್ತಿಗೆ ಯಾವ ಹಬ್ಬದ ದಿನ ಏನು ಅಂದಳು ಎಂಬುದೆಲ್ಲ ಮೊದಲ ಹತ್ತು ಪುಟಗಳಲ್ಲಿ ಇರುತ್ತದೆ. ಕೊನೆಯಲ್ಲಿ ಎರಡೇ ಸಂಗತಿಗಳಿರುತ್ತವೆ: ಪ್ರಾರ್ಥನೆ, ಅಂದರೆ ವಾದಿಗೆ ಬೇಕಾದದ್ದೇನು ಎಂಬುದು, ಅದರ ಕೆಳಗೆ ಶೆಡ್ಯೂಲ್, ಅಂದರೆ ಯಾವ ಜಮೀನಿನ ಮೇಲೆ ಬೇಕು ಎಂಬುದು. ದಾವೆ ಯಾವ ನ್ಯಾಯಾಲಯದ ಯಾವ ಕಪಾಟಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಈ ಎರಡು.

ಈಗ ಜನ ಕಾಗದ ಹಿಡಿದು ನಮ್ಮ ಮನೆಯ ಜಗಲಿಗೆ ಬರುತ್ತಾರೆ. ನಾನು ವಕೀಲಳಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಯಾವ ಪ್ರಶ್ನೆಯನ್ನು ವಕೀಲರ ಬಳಿ ಕೇಳಬೇಕು ಎಂದು ಮಾತ್ರ ತಿಳಿಸಿ ಕಳುಹಿಸುತ್ತೇನೆ. ಈಚೆಗೆ ಹಿಂದಿನ ಬೀದಿಯ ಹೆಂಗಸೊಬ್ಬರು ಬಂದಿದ್ದರು. ಸಾವಿತ್ರಮ್ಮ ಎಂದು ಕರೆಯೋಣ, ನಿಜವಾದ ಹೆಸರು ಬೇಡ. ತಂದೆ 2003ರಲ್ಲಿ ತೀರಿಕೊಂಡಿದ್ದಾರೆ. ತಾತನ ಕಾಲದಿಂದ ಬಂದ ನಾಲ್ಕು ಎಕರೆ ಖುಷ್ಕಿ ಜಮೀನು. ಇಬ್ಬರು ಅಣ್ಣಂದಿರು 1998ರಲ್ಲೇ ಪಂಚಾಯಿತಿ ಪಾರಿಕತ್ತು (ಆಸ್ತಿ ಹಂಚಿಕೊಂಡ ಪತ್ರ) ಮಾಡಿಕೊಂಡು ಪಹಣಿಯಲ್ಲಿ ತಮ್ಮ ಹೆಸರು ಕೂರಿಸಿಕೊಂಡಿದ್ದಾರೆ. ದೊಡ್ಡಣ್ಣ 2016ರಲ್ಲಿ ಒಂದು ಎಕರೆಯನ್ನು ಮಾರಿಯೂ ಆಗಿದೆ. ಈಕೆಯ ಮದುವೆ 1991ರಲ್ಲಿ.

"ಅಕ್ಕಾ, ತಹಶೀಲ್ದಾರರ ಕಚೇರಿಗೆ ಹೋಗಲೋ, ಕೋರ್ಟಿಗೆ ಹೋಗಲೋ?"

"ನಿನಗೆ ಏನು ಬೇಕು, ಅದನ್ನು ಒಂದು ಸಾಲಿನಲ್ಲಿ ಹೇಳು" ಎಂದೆ.

"ನನ್ನ ಭಾಗ ಬೇಕು."

ಇದೇ ಪ್ರಾರ್ಥನೆ. 'ಪಹಣಿಯಲ್ಲಿ ಹೆಸರು ತಿದ್ದಬೇಕು' ಎಂದಿದ್ದರೆ ದಾರಿ ಕಂದಾಯ ಇಲಾಖೆಯ ಕಡೆಗೆ, ಉಪವಿಭಾಗಾಧಿಕಾರಿಯವರ ಮುಂದೆ ಮೇಲ್ಮನವಿ. ಆದರೆ ಹಕ್ಕು ಯಾರದ್ದು ಎಂಬ ಜಗಳವನ್ನು ಕಂದಾಯ ಅಧಿಕಾರಿ ತೀರಿಸಲಾರರು. ಪಹಣಿ ಹಕ್ಕನ್ನು ಹುಟ್ಟಿಸುವ ಪತ್ರವೂ ಅಲ್ಲ. ಭಾಗ ಕೇಳುವುದೆಂದರೆ ಸಿವಿಲ್ ನ್ಯಾಯಾಲಯವೇ.

ಬಾಗಿಲು ಯಾವುದು ಎಂದು ನೋಡುವ ಕ್ರಮ

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಂ ಪ್ರಕಾರ, ಬೇರೊಂದು ಕಾಯ್ದೆ ಅಡ್ಡ ಬಾರದಿದ್ದರೆ ಎಲ್ಲ ಸಿವಿಲ್ ವ್ಯಾಜ್ಯಗಳೂ ಸಿವಿಲ್ ನ್ಯಾಯಾಲಯಕ್ಕೆ ಸೇರಿದವು. ಹಾಗಾಗಿ ಮೊದಲು ನೋಡಬೇಕಾದದ್ದು ಅಡ್ಡ ಬರುವ ಕಾಯ್ದೆ ಇದೆಯೇ ಎಂಬುದನ್ನು. ಒಬ್ಬನು ಗೇಣಿದಾರನೋ ಅಲ್ಲವೋ ಎಂಬ ಪ್ರಶ್ನೆಯನ್ನು 1961ರ ಭೂಸುಧಾರಣಾ ಕಾಯ್ದೆ ಭೂನ್ಯಾಯಮಂಡಳಿಗೆ ಒಪ್ಪಿಸಿದೆ. ವಿಚ್ಛೇದನ, ಜೀವನಾಂಶಗಳಿಗೆ ಕೌಟುಂಬಿಕ ನ್ಯಾಯಾಲಯ, ಅಪಘಾತದ ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿ. ವ್ಯಾಪಾರಸ್ಥರ ನಡುವಿನ ವಾಣಿಜ್ಯ ವ್ಯಾಜ್ಯ ಮೂರು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನದಾದರೆ ವಾಣಿಜ್ಯ ನ್ಯಾಯಾಲಯ. ಅಲ್ಲಿ ತುರ್ತು ಆದೇಶವೇನೂ ಬೇಡವಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಿ ಬರಲೇಬೇಕು, ಇಲ್ಲವಾದರೆ ದಾವೆ ಹೊಸ್ತಿಲಲ್ಲೇ ತಿರಸ್ಕಾರವಾಗುತ್ತದೆ.

ಎರಡನೆಯದು ಊರು. ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಕಡೆಯೇ ಹಾಕಬೇಕು. ಸಾವಿತ್ರಮ್ಮ ನಮ್ಮ ಊರಿನಲ್ಲಿದ್ದರೂ ಹೊಲ ಪಕ್ಕದ ತಾಲ್ಲೂಕಿನಲ್ಲಿದೆ, ಓಡಾಟ ಅವರದೇ. ಆಸ್ತಿ ಎರಡು ತಾಲ್ಲೂಕುಗಳಲ್ಲಿ ಹರಡಿದ್ದರೆ ಎರಡರಲ್ಲಿ ಯಾವುದಾದರೂ ಒಂದು ಕಡೆ ಹಾಕಬಹುದು. ಕೈಸಾಲದ ದಾವೆಯಾದರೆ ಪ್ರತಿವಾದಿ ಇರುವ ಊರು ಅಥವಾ ವ್ಯಾಜ್ಯಕಾರಣ ಹುಟ್ಟಿದ ಊರು.

ಮೂರನೆಯದು ಮೌಲ್ಯ. ಕರ್ನಾಟಕದಲ್ಲಿ 1964ರ ಸಿವಿಲ್ ನ್ಯಾಯಾಲಯಗಳ ಕಾಯ್ದೆಯಂತೆ ಕೆಳಗೆ ಕಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರು (ಹಳಬರ ಬಾಯಲ್ಲಿ ಇವರು ಇಂದಿಗೂ ಮುನ್ಸೀಫರೇ), ಮೇಲೆ ಹಿರಿಯ ಶ್ರೇಣಿಯವರು, ಅವರ ಮೇಲೆ ಜಿಲ್ಲಾ ನ್ಯಾಯಾಲಯ. ಬೆಂಗಳೂರು ನಗರಕ್ಕೆ ಮಾತ್ರ 1979ರ ಪ್ರತ್ಯೇಕ ಕಾಯ್ದೆಯ ಸಿಟಿ ಸಿವಿಲ್ ಕೋರ್ಟ್ ಇದೆ. ಅಧಿಕಾರವುಳ್ಳ ನ್ಯಾಯಾಲಯಗಳಲ್ಲಿ ಅತಿ ಕೆಳಗಿನದರಲ್ಲೇ ದಾವೆ ಹಾಕಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 15ನೇ ಕಲಂ ಹೇಳುತ್ತದೆ. ಕಿರಿಯ ಶ್ರೇಣಿಯ ಮೊತ್ತದ ಮಿತಿ ತಿದ್ದುಪಡಿಯಿಂದ ತಿದ್ದುಪಡಿಗೆ ಏರುತ್ತ ಬಂದಿದೆ. ಹಳೆಯ ದಾವೆಯ ನಕಲನ್ನು ನೋಡಿ ನಕಲು ಹೊಡೆಯದೆ, ದಾಖಲಿಸುವ ದಿನ ಜಾರಿಯಲ್ಲಿರುವ ಮಿತಿಯನ್ನು ನೋಡಿ.

ಮೌಲ್ಯ ಎಂದರೆ ಸಂತೆಯ ಬೆಲೆ ಎಂದುಕೊಂಡರೆ ತಪ್ಪು. 1958ರ ನ್ಯಾಯಾಲಯ ಶುಲ್ಕ ಕಾಯ್ದೆ, ಪೂರ್ಣ ಕಂದಾಯ ನಿಗದಿಯಾಗಿರುವ ಜಮೀನಿಗೆ ಮಾರುಕಟ್ಟೆ ಮೌಲ್ಯವೆಂದು ಎಣಿಸುವುದು ವರ್ಷದ ಕಂದಾಯದ 25 ಪಟ್ಟನ್ನು. ಕಂದಾಯ ಎಂಟು ರೂಪಾಯಿ ಇದ್ದರೆ ಮೌಲ್ಯ ಇನ್ನೂರು ರೂಪಾಯಿ! ಊರಿನವರೆಲ್ಲ ಎಕರೆಗೆ ಅರವತ್ತು ಲಕ್ಷ ಎಂದು ಮಾತನಾಡುವ ಜಮೀನಿನ ವ್ಯಾಜ್ಯ ಮುನ್ಸೀಫರ ಮುಂದೆ ನಡೆಯುವುದನ್ನು ನೋಡಿ ಹೊಸ ಗುಮಾಸ್ತರು ಕಣ್ಣರಳಿಸುತ್ತಿದ್ದರು.

ವಿಭಾಗದ ದಾವೆಗೆ ಅದೇ ಕಾಯ್ದೆಯ 35ನೇ ಕಲಂನಲ್ಲಿ ಎರಡು ಕವಲುಗಳಿವೆ. ವಾದಿ ಜಂಟಿ ಸ್ವಾಧೀನದಲ್ಲಿದ್ದರೆ 35(2), ನಿಗದಿತ ಶುಲ್ಕ, ಗರಿಷ್ಠ 200 ರೂಪಾಯಿ. ಸ್ವಾಧೀನದಿಂದ ಹೊರದಬ್ಬಲ್ಪಟ್ಟಿದ್ದರೆ 35(1), ಪಾಲಿನ ಮೌಲ್ಯದ ಮೇಲೆ ಶುಲ್ಕ. ಹೆಣ್ಣುಮಕ್ಕಳು ಗಂಡನ ಮನೆಯಲ್ಲಿದ್ದರೂ ಕುಟುಂಬದ ಆಸ್ತಿಯಲ್ಲಿ ಒಬ್ಬ ಸಹಪಾಲುದಾರನ ಸ್ವಾಧೀನ ಎಲ್ಲರ ಸ್ವಾಧೀನವೇ. ಆದರೆ "ನನ್ನನ್ನು ಹತ್ತು ವರ್ಷದ ಹಿಂದೆಯೇ ಹೊಲದೊಳಗೆ ಕಾಲಿಡದಂತೆ ಓಡಿಸಿದರು" ಎಂದು ಸಿಟ್ಟಿನಲ್ಲಿ ಬರೆಸಿಬಿಟ್ಟರೆ ಶುಲ್ಕವೂ ಬದಲಾಗುತ್ತದೆ, ಕಾಲಮಿತಿಯ ಗಡಿಯಾರವೂ ಓಡತೊಡಗುತ್ತದೆ: ಹೊರದಬ್ಬಿದ್ದು ತಿಳಿದ ದಿನದಿಂದ 12 ವರ್ಷ. ಸುಳ್ಳು ಬರೆಸಬೇಡಿ, ನಡೆಯದ ಜಗಳವನ್ನು ಉಬ್ಬಿಸಿಯೂ ಬರೆಸಬೇಡಿ.

ಇಷ್ಟು ಸರಿಯಿದ್ದರೆ ದಾವೆಗೆ ನಂಬರ್ ಬೀಳುತ್ತದೆ. ಅ.ದಾ. ಎಂದರೆ ಅಸಲು ದಾವೆ, ವಕೀಲರು ಓ.ಎಸ್. ಎನ್ನುತ್ತಾರೆ. ನಡುವೆ ತಡೆಯಾಜ್ಞೆಗೋ ತಿದ್ದುಪಡಿಗೋ ಹಾಕುವ ಅರ್ಜಿಗಳು ಐ.ಎ. ಡಿಕ್ರಿಯ, ಅಂದರೆ ತೀರ್ಪಿನ ಆದೇಶದ, ಅಮಲ್ಜಾರಿಗೆ (ಜಾರಿಗೊಳಿಸಲು) ಬೇರೆ ನಂಬರ್, ಮೇಲ್ಮನವಿಗೆ ಆರ್.ಎ., ಹೈಕೋರ್ಟಿನ ಎರಡನೆಯ ಮೇಲ್ಮನವಿಗೆ ಆರ್.ಎಸ್.ಎ. ಒಂದೇ ಜಗಳ ನಾಲ್ಕು ನಂಬರುಗಳಲ್ಲಿ ಓಡಾಡುತ್ತಿರುತ್ತದೆ. 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ವಾಯಿದೆಯನ್ನು ನೀವೇ ನೋಡಬಹುದು. ಗುಮಾಸ್ತನಿಗೆ ಫೋನ್ ಮಾಡಿ ಕಾಯುವುದು ತಪ್ಪುತ್ತದೆ.

ಇನ್ನೊಂದು ವಿಂಗಡಣೆಯೂ ಇದೆ. 2005ರ ಕರ್ನಾಟಕ ಪ್ರಕರಣ ನಿರ್ವಹಣಾ ನಿಯಮಗಳು ಸಿವಿಲ್ ಪ್ರಕರಣಗಳನ್ನು ನಾಲ್ಕು ಟ್ರ್ಯಾಕ್‌ಗಳಲ್ಲಿ ಹಂಚುತ್ತವೆ. ಜೀವನಾಂಶ, ಮಕ್ಕಳ ಪಾಲನೆ, ಉತ್ತರಾಧಿಕಾರ ಪ್ರಮಾಣಪತ್ರದಂಥವು ಮೊದಲ ಟ್ರ್ಯಾಕ್. ವಿಭಾಗ, ಘೋಷಣೆ, ಕ್ರಯದ ಕರಾರಿನ ದಾವೆಗಳು ಮೂರನೆಯದು. ಮೊದಲನೆಯದಕ್ಕೆ ಒಂಬತ್ತು ತಿಂಗಳು, ಮೂರನೆಯದಕ್ಕೆ ಇಪ್ಪತ್ನಾಲ್ಕು ತಿಂಗಳು ಎಂಬ ಗುರಿ. ಗುರಿ ಎಂಬ ಪದವನ್ನು ಗಮನಿಸಿ. ವಿಭಾಗದ ದಾವೆಯನ್ನು ಎರಡು ವರ್ಷದೊಳಗೆ ಮುಗಿಸಿ ಪಾಯಸ ಹಂಚಿದವರು ನನ್ನ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು.

ವಿಭಾಗದ ದಾವೆಗೆ ಎರಡು ಡಿಕ್ರಿಗಳು ಎಂಬುದನ್ನೂ ತಿಳಿದಿರಿ. ಪ್ರಾಥಮಿಕ ಡಿಕ್ರಿ 'ಮೂರರಲ್ಲಿ ಒಂದು ಪಾಲು' ಎನ್ನುತ್ತದೆ. ಆ ಪಾಲು ಬಾವಿಯ ಕಡೆಯದೋ ಬಂಡೆಯ ಕಡೆಯದೋ ಎಂದು ಅಳೆದು ಹೇಳುವುದು ಅಂತಿಮ ಡಿಕ್ರಿಯ ಹಂತ. ಕಂದಾಯದ ಜಮೀನನ್ನು ಅಳೆದು ಹಂಚುವ ಕೆಲಸ ಜಿಲ್ಲಾಧಿಕಾರಿಯವರ ಮೂಲಕ ಕಂದಾಯ ಇಲಾಖೆಗೆ ಹೋಗುತ್ತದೆ. ಮೊದಲ ಡಿಕ್ರಿಗೇ ಸಿಹಿ ಹಂಚಿ, ಮುಂದಿನ ಅರ್ಜಿ ಹಾಕದೆ ವರ್ಷಗಟ್ಟಲೆ ಕುಳಿತವರನ್ನು ನೋಡಿದ್ದೇನೆ. ಪ್ರತ್ಯೇಕ ಅರ್ಜಿಗೆ ಕಾಯದೆ ನ್ಯಾಯಾಲಯವೇ ಅಂತಿಮ ಡಿಕ್ರಿಯ ಕಡೆಗೆ ನಡೆಯಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ವಕೀಲರನ್ನು ಕೇಳುತ್ತಿರಿ.

ಅಗ್ಗದ ಪ್ರಾರ್ಥನೆ

ಪಕ್ಕದವನು ಬೇಲಿ ಸರಿಸಿದ ಎಂದು ಬರುವವರಲ್ಲಿ ಹೆಚ್ಚಿನವರು ಕೇಳುವುದು ಬರಿಯ ಶಾಶ್ವತ ಪ್ರತಿಬಂಧಕಾಜ್ಞೆಯನ್ನು. ಸಾವಿರ ರೂಪಾಯಿ ಮೌಲ್ಯ ತೋರಿಸಿ 25 ರೂಪಾಯಿ ಶುಲ್ಕ ಕಟ್ಟಿದರೆ ದಾವೆ ದಾಖಲಾಗುತ್ತದೆ. ಸ್ವಾಧೀನ ನಿಮ್ಮದು, ಹಕ್ಕಿನ ಬಗ್ಗೆ ಯಾರ ತಕರಾರೂ ಇಲ್ಲ ಎಂದಾದರೆ ಅಷ್ಟು ಸಾಕು. ಎದುರಿನವನು ಕ್ರಯಪತ್ರ ತೋರಿಸಿ "ಜಾಗವೇ ನನ್ನದು" ಎಂದರೆ ಹಕ್ಕಿನ ಘೋಷಣೆಯನ್ನೂ ಕೇಳಬೇಕು. ಸ್ವಾಧೀನವೂ ಹೋಗಿದ್ದರೆ ಘೋಷಣೆಯ ಜೊತೆ ಸ್ವಾಧೀನವನ್ನೂ ಕೇಳಬೇಕು. 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿದೆ. ಶುಲ್ಕ ಉಳಿಸಲು ಹೋಗಿ ಏಳು ವರ್ಷದ ಮೇಲೆ "ಘೋಷಣೆ ಕೇಳಿಲ್ಲ" ಎಂಬ ಒಂದು ಸಾಲಿಗೆ ದಾವೆ ಬಿದ್ದವರ ಮುಖ ನನಗೆ ಈಗಲೂ ನೆನಪಿದೆ.

ಶೆಡ್ಯೂಲಿನ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳಬೇಕು. ಕಾಲುದಾರಿಯ ದಾವೆಯೊಂದರಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆಯುವಾಗ ಪೂರ್ವ ಪಶ್ಚಿಮಗಳು ಅದಲುಬದಲಾಗಿದ್ದವು. ನಾನು ನಕ್ಷೆಯ ಜೊತೆ ತಾಳೆ ನೋಡದೆ ಸಹಿ ಹಾಕಿ ಕಳುಹಿಸಿದೆ. ವಾದಿಗೇ ಡಿಕ್ರಿಯಾಯಿತು. ಅಮಲ್ಜಾರಿಗೆ ಹೋದ ನ್ಯಾಯಾಲಯದ ಅಮೀನರು "ಹೇಳಿದ ದಿಕ್ಕಿನಲ್ಲಿ ದಾರಿಯಿಲ್ಲ, ಕೆರೆ ಇದೆ" ಎಂದು ಷರಾ ಬರೆದು ವಾರಂಟ್ ಮರಳಿಸಿದರು. ಕೈತಪ್ಪನ್ನು ತಿದ್ದಲು ಸಂಹಿತೆಯ 152ನೇ ಕಲಂ ಇದೆ, ತಿದ್ದಿದ್ದೂ ಆಯಿತು. ಅಷ್ಟರಲ್ಲಿ ಎಂಟು ತಿಂಗಳು ಹೋದವು. ಅಂದಿನಿಂದ ಶೆಡ್ಯೂಲ್ ಓದುವಾಗ ಪೂರ್ವಕ್ಕೆ ಮುಖ ಮಾಡಿ ಕುಳಿತುಕೊಳ್ಳುವುದು ನನ್ನ ಅಭ್ಯಾಸವಾಯಿತು. ಕಚೇರಿಯಲ್ಲಿ ನಕ್ಕರು, ನಗಲಿ ಬಿಡಿ.

ಕಲಂ ಓದುವುದೂ ಬಾಲದಿಂದಲೇ

ಕಾಯ್ದೆಯನ್ನು ನ್ಯಾಯಾಲಯ ಹೇಗೆ ಅರ್ಥೈಸುತ್ತದೆ ಎಂಬುದು ನ್ಯಾಯಾಧೀಶರ ಕೆಲಸ, ನಮ್ಮದಲ್ಲ. ಆದರೂ ಬೆಂಚಿನ ಕೆಳಗೆ ಕುಳಿತು ಕೇಳಿ ಕೇಳಿ ಒಂದು ಕ್ರಮ ಹಿಡಿಯಿತು. ಮೊದಲು ಸಾದಾ ಅರ್ಥ, ಬಳಕೆಯ ಅರ್ಥ. ನನಗೆ ಇದು ಅರ್ಥವಾದದ್ದು ವೀಳ್ಯದೆಲೆಯಿಂದ. ಅಕೋಲಾದ ಎಲೆ ವ್ಯಾಪಾರಿಗಳು, ತರಕಾರಿಗೆ ಮಾರಾಟ ತೆರಿಗೆಯಿಲ್ಲ, ವೀಳ್ಯದೆಲೆಯೂ ಗಿಡದಿಂದ ಬಂದದ್ದಲ್ಲವೇ ಎಂದು ಸುಪ್ರೀಂ ಕೋರ್ಟ್‌ವರೆಗೆ ಹೋದರು. 1961ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಸಸ್ಯಶಾಸ್ತ್ರದ ಅರ್ಥ ಬೇಡ; ಮನೆಯವರು ಚೀಲ ಹಿಡಿದು ತರಕಾರಿ ತರಲು ಹೋದಾಗ ಏನನ್ನು ತರಕಾರಿ ಎನ್ನುತ್ತಾರೋ ಅದೇ ತರಕಾರಿ. ಜೊತೆಗೆ ಇನ್ನೊಂದು ಸುಳಿವೂ ಇತ್ತು: ವಿನಾಯಿತಿ ಪಟ್ಟಿಯಲ್ಲಿ ಮೊದಲು ವೀಳ್ಯದೆಲೆಗೆ ಬೇರೆಯೇ ಸಾಲಿತ್ತು, ಶಾಸಕಾಂಗ ಆಮೇಲೆ ಅದನ್ನು ತೆಗೆದುಹಾಕಿತ್ತು. ತೆಗೆದದ್ದಕ್ಕೂ ಅರ್ಥವಿದೆ.

ಕನ್ನಡದ ಕಾಯ್ದೆ ಪುಸ್ತಕಗಳಲ್ಲಿ ಕೆಲವು ಪದಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. 'ತಕ್ಕದ್ದು' ಎಂದರೆ ಮಾಡಲೇಬೇಕು, 'ಬಹುದು' ಎಂದರೆ ವಿವೇಚನೆ. 'ಎಂದರೆ' ಎಂಬ ಪರಿಭಾಷೆ ಬೇಲಿ ಹಾಕಿದಂತೆ, 'ಒಳಗೊಳ್ಳುತ್ತದೆ' ಎಂದಿದ್ದರೆ ಬಾಗಿಲು ತೆರೆದಿಟ್ಟಂತೆ. 'ಏನೇ ಇದ್ದರೂ' ಎಂದು ಶುರುವಾಗುವ ಕಲಂ ಉಳಿದವುಗಳ ಮೇಲೆ ಏರಿ ನಿಲ್ಲುತ್ತದೆ. 'ಒಳಪಟ್ಟು' ಎಂದಿರುವುದು ತಲೆಬಾಗುತ್ತದೆ. 'ಪರಂತು' ಬಂದರೆ ಅಲ್ಲಿಯವರೆಗೆ ಕೊಟ್ಟದ್ದರಲ್ಲಿ ಸ್ವಲ್ಪ ಕಿತ್ತುಕೊಳ್ಳುತ್ತಾರೆ. ಬಾಲ ಎಂದದ್ದು ಈ ಪರಂತು ಮತ್ತು ವಿವರಣೆಗಳನ್ನೇ.

ಆದರೆ 'ತಕ್ಕದ್ದು' ಕೂಡ ಎಲ್ಲ ಕಡೆ ಒಂದೇ ತೂಕದ್ದಲ್ಲ. ಪ್ರತಿವಾದಿ 30 ದಿನದಲ್ಲಿ, ಹೆಚ್ಚೆಂದರೆ 90 ದಿನದಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು ಎಂದು ಸಂಹಿತೆಯ 8ನೇ ಆದೇಶದ ಮೊದಲ ನಿಯಮ ಹೇಳುತ್ತದೆ. ಮೀರಿದರೆ ಏನಾಗುತ್ತದೆಂದು ಆ ನಿಯಮದಲ್ಲಿ ಬರೆದಿಲ್ಲ. ಹಾಗಾಗಿ 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಾರ್ಗದರ್ಶಕವೆಂದು ಓದಿತು. ಸರಿಯಾದ ಕಾರಣವಿದ್ದರೆ ತಡವನ್ನು ಮನ್ನಿಸಬಹುದು. ವಾಣಿಜ್ಯ ದಾವೆಗಳಿಗೆ ಬಂದ ತಿದ್ದುಪಡಿಯಲ್ಲಿ 120 ದಿನ ದಾಟಿದರೆ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ ಎಂಬ ಬಾಲ ಸೇರಿಸಿದ್ದಾರೆ. 2019ರಲ್ಲಿ ಅದೇ ನ್ಯಾಯಾಲಯ ಅಲ್ಲಿ ಒಂದು ದಿನವನ್ನೂ ಬಿಡಲಾಗದು ಎಂದಿತು.

ಸಾವಿತ್ರಮ್ಮನ ಕಲಂ

ಈಗ ಅವರ ಕಡತಕ್ಕೆ ಬರುತ್ತೇನೆ. ಒಂದೇ ಹಕ್ಕು, ಕಾಯ್ದೆ ಎರಡು, ತೀರ್ಪು ಮೂರು. ಕರ್ನಾಟಕ ತನ್ನದೇ ತಿದ್ದುಪಡಿಯಿಂದ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತು. ಅದರ ಬಾಲದಲ್ಲಿ, ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ ಎಂದಿತ್ತು. 1991ರಲ್ಲಿ ಮದುವೆಯಾದ ಸಾವಿತ್ರಮ್ಮ ಹೊರಗುಳಿದರು. ಅಣ್ಣಂದಿರ ವಕೀಲರು ಇಂದಿಗೂ ಎತ್ತುವ ಮಾತು ಇದೇ.

ಆಮೇಲೆ 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಹೊಸ 6ನೇ ಕಲಂನಲ್ಲಿ ಮದುವೆಯ ಮಾತೇ ಇಲ್ಲ. ಅದರಲ್ಲಿ ಅಕ್ಕಪಕ್ಕ ಎರಡು ತುಣುಕುಗಳಿವೆ: 'ಪ್ರಾರಂಭದ ದಿನದಿಂದ' ಮತ್ತು 'ಹುಟ್ಟಿನಿಂದ'. ಮಗಳು ಆ ದಿನದಿಂದ ಹುಟ್ಟಿನಿಂದಲೇ ಸಹದಾಯಾದಿ, ಅಂದರೆ ಮಗನಂತೆಯೇ ಪಾಲುದಾರಳು. ಆ ದಿನಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ?

2015ರ ಅಕ್ಟೋಬರ್‌ನಲ್ಲಿ ಫೂಲವತಿ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಮೊದಲ ತುಣುಕಿಗೆ ತೂಕ ಕೊಟ್ಟರು: ಆ ದಿನ ತಂದೆ ಬದುಕಿರಬೇಕು. ಆ ವ್ಯಾಜ್ಯ ನಮ್ಮ ಬೆಳಗಾವಿಯಿಂದ ಹೋದದ್ದು. 2018ರ ಫೆಬ್ರವರಿಯಲ್ಲಿ ದಾನಮ್ಮ ಪ್ರಕರಣ, ಅದೂ ಕರ್ನಾಟಕದ್ದೇ, ಇಬ್ಬರ ಪೀಠವೇ. 2001ರಲ್ಲೇ ತಂದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಒಂದೇ ವಾರದ ವಾದಪಟ್ಟಿಯಲ್ಲಿ ಒಬ್ಬ ವಕೀಲರು ಅದನ್ನು, ಇನ್ನೊಬ್ಬರು ಇದನ್ನು ಓದುತ್ತಿದ್ದ ಕಾಲ ಅದು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಎರಡನೆಯ ತುಣುಕಿನ ಮೇಲೆ ಬೆರಳಿಟ್ಟಿತು. ಹಕ್ಕು ಬರುವುದು ಹುಟ್ಟಿನಿಂದ, ತಂದೆಯ ಸಾವಿನಿಂದಲ್ಲ. ಆದ್ದರಿಂದ ಆ ದಿನ ತಂದೆ ಬದುಕಿರಬೇಕಾಗಿಲ್ಲ. ಎರಡು ತೀರ್ಪುಗಳು ಎದುರುಬದುರಾದಾಗ ಪೀಠದ ಬಲ ಎಷ್ಟು ಎಂದು ಎಣಿಸಿ: ಇಬ್ಬರಿಗಿಂತ ಮೂವರು ದೊಡ್ಡವರು.

ಹಾಗಾದರೆ ಗೆದ್ದಂತೆಯೇ? ಬಾಲ ಓದಿ. 2004ರ ಡಿಸೆಂಬರ್ 20ಕ್ಕಿಂತ ಮೊದಲು, ಅಂದರೆ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನಕ್ಕಿಂತ ಮೊದಲು, ಆದ ವಿಭಾಗ ಮತ್ತು ಪರಭಾರೆಗಳನ್ನು ಈ ಕಲಂ ಕದಲಿಸುವುದಿಲ್ಲ. ಅಣ್ಣಂದಿರ ಪಾರಿಕತ್ತು 1998ರದ್ದು! ಇನ್ನೊಂದು ಹೆಜ್ಜೆ ಕೆಳಗಿಳಿದರೆ ವಿವರಣೆ ಇದೆ: ವಿಭಾಗ ಎಂದರೆ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದದ್ದು. ಇವರ ಪಾರಿಕತ್ತು ಬಿಳಿ ಹಾಳೆಯದು, ಉಪನೋಂದಣಾಧಿಕಾರಿಯವರ ಮುದ್ರೆ ಕಂಡಿಲ್ಲ. ಆದರೂ ಅಣ್ಣಂದಿರ ಕೈ ಪೂರ್ತಿ ಬರಿದಲ್ಲ. ಸಾರ್ವಜನಿಕ ದಾಖಲೆಗಳ ಬಲವಿರುವ ಅಪರೂಪದ ಪ್ರಕರಣದಲ್ಲಿ ಬಾಯಿಮಾತಿನ ವಿಭಾಗವನ್ನೂ ಒಪ್ಪಬಹುದು ಎಂದು ವಿನೀತಾ ಶರ್ಮಾ ತೀರ್ಪಿನಲ್ಲೇ ಇದೆ. ಆಗಿನಿಂದ ಬಂದ ಪಹಣಿಗಳನ್ನು ಅವರು ಅದಕ್ಕೇ ಮುಂದಿಡುತ್ತಾರೆ. ನಿಜವಾದ ಜಗಳ ನಡೆಯುವುದು ಇಲ್ಲಿ, ಸಾಕ್ಷಿಗಳ ಪಾಟೀಸವಾಲಿನಲ್ಲಿ. 2016ರ ಕ್ರಯಕ್ಕೆ ಮಾತ್ರ ಈ ಬಾಲದ ರಕ್ಷಣೆ ಇಲ್ಲ. ಜಮೀನು ತಂದೆಯ ಸ್ವಯಾರ್ಜಿತವಾಗಿದ್ದರೆ ಇಷ್ಟೆಲ್ಲ ಓದುವ ಅಗತ್ಯವೇ ಇರಲಿಲ್ಲ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗಳು 1956ರಿಂದಲೇ ಮೊದಲ ವರ್ಗದ ವಾರಸುದಾರಳು.

ಮದುವೆ ಕಾಗದದ ಲಕೋಟೆಯ ಹಿಂಬದಿಯಲ್ಲಿ ಸಾವಿತ್ರಮ್ಮನಿಗೆ ಬರೆದುಕೊಟ್ಟೆ: 1998ಕ್ಕೆ ಹಿಂದಿನದರಿಂದ ಇಂದಿನವರೆಗಿನ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ನಕಲು, ವಂಶವೃಕ್ಷ, ತಂದೆಯ ಮರಣ ಪ್ರಮಾಣಪತ್ರ, ಋಣಭಾರ ಪತ್ರ, 2016ರ ಕ್ರಯಪತ್ರದ ದೃಢೀಕೃತ ನಕಲು. ವಕೀಲರ ಫೀಸಿಗೆ ಹಣವಿಲ್ಲ ಎಂದರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ಹೋಗು ಎಂದೆ.

ಮೂರು ವಾರಗಳ ಮೇಲೆ ದಾವಾಪತ್ರದ ಕರಡು ಹಿಡಿದು ಬಂದರು. ಕನ್ನಡಕ ಹಾಕಿಕೊಂಡು ಕೊನೆಯ ಪುಟ ತೆರೆದೆ. ಮೂರರಲ್ಲಿ ಒಂದು ಪಾಲು, ಪ್ರತ್ಯೇಕ ಸ್ವಾಧೀನ, ಖರ್ಚು, ಎಲ್ಲ ಇತ್ತು. ಚಕ್ಕುಬಂದಿ ಸರಿಯಿತ್ತು. ಮೊದಲ ಪುಟಕ್ಕೆ ತಿರುಗಿಸಿದೆ: ಪ್ರತಿವಾದಿಗಳು ಇಬ್ಬರೇ, ಅಣ್ಣಂದಿರು. ಒಂದು ಎಕರೆ ಕೊಂಡವನ ಹೆಸರು ಎಲ್ಲಿಯೂ ಇಲ್ಲ. ಆ ಕ್ರಯಪತ್ರ ತನ್ನ ಪಾಲಿಗೆ ಬಾಧಕವಲ್ಲ ಎಂಬ ಪ್ರಾರ್ಥನೆಯೂ ಇಲ್ಲ. ಅವನನ್ನು ಪಕ್ಷಗಾರನನ್ನಾಗಿ ಮಾಡದಿದ್ದರೆ ಡಿಕ್ರಿ ಅವನನ್ನು ಕಟ್ಟುವುದಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಗುರುತು ಹಾಕಿ ಮರಳಿ ಕಳುಹಿಸಿದೆ. ಮುಂದಿನ ಸೋಮವಾರ ಮೂರನೆಯ ಪ್ರತಿವಾದಿಯೊಂದಿಗೆ ದಾವೆ ದಾಖಲಾಯಿತು, 200 ರೂಪಾಯಿ ಶುಲ್ಕದಲ್ಲಿ.